ಎರಡು ಗಾಡಿ ದಿಂಡು

ಲುವಾನ್ ಕೆಮಿನ್‌ಗೆ ಕಡಿಮೆ ಬಿದ್ದದ್ದು ಎರಡೇ ಎರಡು ಗಾಡಿ ಮೆಕ್ಕೆಜೋಳದ ದಿಂಡು. ಅದನ್ನು ಬಾಯಿಬಿಟ್ಟು ಕೇಳದೆ ಸುಮ್ಮನಿದ್ದಿದ್ದರೆ ಆ ದಿನವೂ ಬೇರೆ ದಿನಗಳ ಹಾಗೆ ಕಳೆದುಹೋಗುತ್ತಿತ್ತು.

ಹಿಂದಿನ ಎರಡು ದಿನ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಾಳು ಬಿಡಿಸಿದ ದಿಂಡುಗಳನ್ನು ಅವರೆಕಾಳಿನ ಗಾತ್ರಕ್ಕೆ ಪುಡಿ ಮಾಡಿಸಿ, ಸುಣ್ಣದ ನೀರಿನಲ್ಲಿ ನೆನೆಸಿ, ಅಂಗಳದ ಒಲೆಯ ಮೇಲೆ ದೊಡ್ಡ ಡ್ರಮ್ಮುಗಳಲ್ಲಿ ಹಬೆಗೆ ಬೇಯಿಸಿದ್ದ. ನಡುವೆ ಬೆಂಕಿ ಆರಿದರೆ ಮಾಡಿದ್ದೆಲ್ಲ ದಂಡ. ಆದ್ದರಿಂದ ಒಲೆಯ ಮುಂದೆ ಮಣೆ ಹಾಕಿಕೊಂಡು, ತಲೆ ತೂಗಿದಾಗಲೆಲ್ಲ ತನ್ನ ಕಿವಿಯನ್ನು ತಾನೇ ಹಿಂಡಿಕೊಳ್ಳುತ್ತ ಕೂತಿದ್ದ. ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ದಿಂಡು ಹದವಾಗಿ ಬೆಂದಿತ್ತು. ಕೆಮಿನ್ ಕೂಡ ಹೆಚ್ಚುಕಡಿಮೆ ಬೆಂದಿದ್ದ.

ಇಷ್ಟು ಒದ್ದಾಡುವುದಕ್ಕೆ ಕಾರಣವಿತ್ತು. ಹೋದ ವರ್ಷ ಅವನ ಅಣಬೆ ಚೀಲಗಳಿಗೆಲ್ಲ ಹಸಿರು ಬೂಷ್ಟು ಹಿಡಿದು, ಅಷ್ಟನ್ನೂ ಹೊಲದ ಗುಂಡಿಗೆ ಸುರಿದು ಬಂದಿದ್ದ. "ಈ ಸಲಾನೂ ಹಿಂಗೇ ಆದ್ರೆ ಅಣಬೆ ಮನೇಲಿ ನನ್ನ ತಮ್ಮನ ಮೊಲ ತಂದು ಬಿಡ್ತೀನಿ" ಎಂದು ಹೆಂಡತಿ ಸುಚಿನ್ ಹೇಳಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಹೇಳಿ ಮಾಡದೆ ಬಿಟ್ಟದ್ದು ಒಂದೂ ಅವನಿಗೆ ನೆನಪಿರಲಿಲ್ಲ. ಮೊಲಗಳ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಆದರೆ ಅಣಬೆ ಮನೆ ಅವನು ತಾನೇ ಎದೆಮಟ್ಟ ನೆಲ ಅಗೆದು, ಗೋಡೆ ಕಟ್ಟಿ, ಮೇಲೆ ಹುಲ್ಲಿನ ಚಾಪೆ ಹೊದಿಸಿ ಮಾಡಿದ್ದು. ಒಳಗೆ ಕಾಲಿಟ್ಟರೆ ತಂಪು, ಕತ್ತಲೆ, ಮಾತಿಲ್ಲ. ಲೋಕದಲ್ಲಿ ಅವನಿಗೆ ಯಾರೂ ಬುದ್ಧಿ ಹೇಳದ ಜಾಗ ಅದೊಂದೇ. ಮೊಲ ಬಂದರೆ ಮೊಲದ ಹಿಂದೆ ಭಾವಮೈದುನನೂ ಬರುತ್ತಿದ್ದ.

ಅವತ್ತು ಸುಚಿನ್‌ಗೆ ಪೇಟೆಯಲ್ಲಿದ್ದ ಅಕ್ಕನ ಮನೆಯಲ್ಲಿ ಮೊಮ್ಮಗುವಿಗೆ ತಿಂಗಳು ತುಂಬಿದ ಊಟವಿತ್ತು. ಒಂದು ಬುಟ್ಟಿ ಮೊಟ್ಟೆ, ಕೂಸಿಗೆಂದು ಹೊಲಿದ ಹುಲಿಮೂತಿಯ ಟೋಪಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಅಂದಳು:

"ನಾನು ಸಂಜೆ ಬರೋ ಹೊತ್ತಿಗೆ ಎಲ್ಲಾ ಚೀಲ ಕಟ್ಟಿ ಒಳಗೆ ಸೇರಿಸಿರ್ಬೇಕು. ಅಂಗಳ ಗುಡಿಸಿರ್ಬೇಕು. ಆಮೇಲೆ ಬೇಕಾದ್ರೆ ಮಲಕ್ಕೋ."

"ಈಗ ಒಂದು ಗಳಿಗೆ ಮಲಗಿ ಎದ್ದು ಮಾಡಿದ್ರೆ?"

"ನೀನು ಮಲಗೋದು ನಾನು ಕಂಡಿದೀನಿ. ಏಳೋದನ್ನ ಕಂಡಿಲ್ಲ."

ಅವಳು ಹೋದಮೇಲೆ ಕೆಮಿನ್ ಅಂಗಳದಲ್ಲಿ ತೊಳೆದ ಪ್ಲಾಸ್ಟಿಕ್ ಹಾಳೆ ಹಾಸಿ, ಬೆಂದ ದಿಂಡನ್ನು ಹರಡಿ ಆರಲು ಬಿಟ್ಟ. ಆಮೇಲೆ ಉದ್ದನೆಯ ಚೀಲಗಳಲ್ಲಿ ಒಂದು ಪದರ ದಿಂಡು, ಒಂದು ಪದರ ಬಿಳಿ ನೂಲಿನಂತೆ ಹಬ್ಬಿದ ಅಣಬೆ ಬೀಜ, ಮತ್ತೆ ದಿಂಡು, ಹೀಗೆ ತುಂಬಿ ಕಟ್ಟತೊಡಗಿದ. ಐವತ್ತು ಚೀಲ ಆಗುವಷ್ಟರಲ್ಲಿ ಅವನಿಗೆ ವಿಷಯ ಗೊತ್ತಾಯಿತು. ದಿಂಡು ಇನ್ನೂರು ಚೀಲಕ್ಕೆ ಮುಗಿಯುತ್ತದೆ. ಬೀಜ ಮುನ್ನೂರು ಚೀಲಕ್ಕಾಗುವಷ್ಟಿದೆ. ಮಿಕ್ಕ ಬೀಜ ಇಟ್ಟರೆ ಕೆಡುತ್ತದೆ. ಯಾರಾದರೂ ಎರಡು ಗಾಡಿ ದಿಂಡು ಕೊಟ್ಟರೆ ಇನ್ನೊಂದು ಸಲ ಒಲೆ ಹಚ್ಚಬಹುದು. ಇನ್ನೊಂದು ಸಲ ಒಲೆ ಎಂಬ ಯೋಚನೆಗೇ ಅವನು ಮತ್ತೆ ಕಿವಿ ಹಿಂಡಿಕೊಂಡ. ಆದರೂ ಎದ್ದು ಊರ ಕಚೇರಿಗೆ ಹೋದ.

ಕಚೇರಿಯಲ್ಲಿ ಲಿಯಾವೋ ಅತ್ತಿಗೆ ಇದ್ದಳು. ಊರಿನ ಮೈಕು ಅವಳ ಸುಪರ್ದಿಯಲ್ಲಿತ್ತು. ಬೀದಿಯ ಮೂಲೆ ಮೂಲೆಯಲ್ಲೂ ಕಂಬಕ್ಕೆ ಕಟ್ಟಿದ ತುತ್ತೂರಿಗಳಿಂದ ಹದಿನೈದು ವರ್ಷದಿಂದ ಅವಳದೇ ದನಿ. ಒಂದು ಮಾತು ಹೇಳಿ ಎಂದರೆ ಅದಕ್ಕೆ ನಾಲ್ಕು ಸೇರಿಸದಿದ್ದರೆ ಅವಳಿಗೆ ಉಂಡದ್ದು ಕರಗುತ್ತಿರಲಿಲ್ಲ.

"ಅತ್ತಿಗೆ, ಯಾರ ಮನೇಲಾದ್ರೂ ಒಣಗಿದ ದಿಂಡು ಇದ್ರೆ ಎರಡು ಗಾಡಿ ಬೇಕಿತ್ತು."

"ಅಷ್ಟೇ ತಾನೆ? ಒಳ್ಳೇ ಹೊತ್ತಿಗೆ ಬಂದೆ. ನೀನು ಮನೆಗೆ ಹೋಗು, ನಾನು ಕೂಗ್ತೀನಿ. ಮುಖ ಯಾಕಪ್ಪಾ ಹಂಗಾಗಿದೆ, ಹಿಂಡಿದ ಬಟ್ಟೆ ಥರ?"

ಕೆಮಿನ್ ಅರ್ಧ ದಾರಿ ನಡೆದಿದ್ದ. ತಲೆಯ ಮೇಲಿನ ತುತ್ತೂರಿ ಗೊರಗೊರ ಎಂದು ಕೆಮ್ಮಿ ಬಾಯಿ ಬಿಟ್ಟಿತು.

"ಎಲ್ಲಾರೂ ಕೇಳಿ. ಮಧ್ಯಾಹ್ನ ಸ್ವಚ್ಛತೆ ನೋಡೋಕೆ ಮೇಲಿನ ಕಚೇರಿಯಿಂದ ಸಾಹೇಬ್ರು ಬರ್ತಿದಾರೆ. ಬೀದೀಲಿ ದಂಟು, ಹೊಟ್ಟು, ಸಿಪ್ಪೆ ಒಂದು ಚೂರೂ ಕಾಣ್ಬಾರ್ದು. ಸುಡೋ ಹಾಗೂ ಇಲ್ಲ, ದಂಡ ಬೀಳುತ್ತೆ. ಎಲ್ಲಿ ಹಾಕೋದು ಅಂತ ಯಾರೂ ಚಿಂತೆ ಮಾಡ್ಬೇಡಿ. ನಮ್ಮ ಲುವಾನ್ ಕೆಮಿನ್‌ಗೆ ಅಣಬೆ ಬೆಳೆಯೋಕೆ ಬೇಕಂತೆ. ಎಷ್ಟಿದ್ರೂ ತಗೋತಾನಂತೆ. ಇವತ್ತೇ ಬೇಕಂತೆ. ಪಾಪ, ಕೇಳೋಕೆ ಸಂಕೋಚ ಪಟ್ಕೋತಾನೆ, ನೀವೇ ತಗೊಂಡ್ಹೋಗಿ ಕೊಡಿ."

ಕೆಮಿನ್ ನಿಂತ. ವಾಪಸ್ಸು ಹೋಗಿ ಹೀಗಲ್ಲ ಎಂದು ಹೇಳಿಸಬೇಕು ಅನ್ನಿಸಿತು. ಆದರೆ ಕಚೇರಿಯ ಕಡೆ ಏರುದಾರಿ, ಮನೆಯ ಕಡೆ ಇಳಿಜಾರು. ಎಷ್ಟು ಜನ ಬಂದಾರು, ಹೆಚ್ಚೆಂದರೆ ಐದೋ ಆರೋ, ಎಂದು ತನಗೆ ತಾನೇ ಹೇಳಿಕೊಂಡು ಇಳಿಜಾರಿಗೆ ಕಾಲು ಕೊಟ್ಟ.

ಅವನು ಮನೆ ಮುಟ್ಟುವ ಮೊದಲೇ ಪಕ್ಕದ ಮನೆಯ ಪಾಂಗ್ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದ. ಮುಂದೆ ಒಂಟಿ ಚಕ್ರದ ಗಾಡಿ, ಗಾಡಿಯ ತುಂಬ ಧೂಳು ಹಿಡಿದ ಕಡಲೆಕಾಯಿ ಸಿಪ್ಪೆ.

"ಎಲ್ಲಿ ಹೋಗಿದ್ಯೋ? ಬೇಕು ಅಂತ ಊರೆಲ್ಲ ಸಾರಿಸ್ತೀಯ, ಬಂದ್ರೆ ಮನೇಲಿರಲ್ಲ. ಎಲ್ಲಿ ಸುರೀಲಿ?"

"ದೊಡ್ಡಪ್ಪ, ನನಗೆ ಬೇಕಾಗಿರೋದು ದಿಂಡು."

"ದಿಂಡು ನೆಲದ ಮೇಲೆ ಬೆಳೆಯುತ್ತೆ, ಇದು ನೆಲದ ಒಳಗೆ ಬೆಳೆಯುತ್ತೆ. ಅಣಬೆಗೆ ನೆಲದ ಒಳಗಿನದೇ ಒಳ್ಳೇದು. ನಾನು ನಿಮ್ಮಪ್ಪನ ಕಾಲದಿಂದ ನೋಡಿದೀನಿ, ನೀನು ನನಗೆ ಹೇಳ್ತೀಯ." ಹೀಗೆಂದು ದೊಡ್ಡಪ್ಪ ಗಾಡಿಯನ್ನು ಅಂಗಳದ ನಟ್ಟನಡುವೆ ಬೋರಲು ಹಾಕಿದ. ಎದ್ದ ಧೂಳು ಮೆಲ್ಲಗೆ ಹೋಗಿ ಆರಲು ಹಾಕಿದ್ದ ದಿಂಡಿನ ಮೇಲೆ ಕೂರಲು ನೋಡಿತು. ಕೆಮಿನ್ ಓಡಿಹೋಗಿ ಪ್ಲಾಸ್ಟಿಕ್ಕಿನ ಇನ್ನೊಂದು ತುದಿಯನ್ನು ಎಳೆದು ಮುಚ್ಚಿದ. ಆ ಧೂಳಿನಲ್ಲಿ ಹೋದ ವರ್ಷದ ಹಸಿರು ಬೂಷ್ಟು ಕಣ್ಣು ಮಿಟುಕಿಸುತ್ತಿದ್ದಂತೆ ಅವನಿಗೆ ಕಂಡಿತು.

"ಇನ್ನೂ ಎಂಟು ಗಾಡಿ ಇದೆ. ಚಹಾ ಇಟ್ಟಿರು," ಎಂದು ದೊಡ್ಡಪ್ಪ ಹೊರಟ.

ಆಮೇಲೆ ಬಂದದ್ದು ಐದಾರು ಜನವಲ್ಲ, ಊರು. ಜೋಳದ ದಂಟು ಹೊತ್ತು ಬಂದವರ ಮುಖ ಕಾಣದೆ, ದಂಟಿನ ರಾಶಿಗಳೇ ಕಾಲು ಬಂದು ನಡೆಯುತ್ತಿರುವಂತೆ ಬೀದಿ ತೋರುತ್ತಿತ್ತು. ಗೆಣಸಿನ ಬಳ್ಳಿ ಬಂತು. ಸೋಯಾ ಹೊಟ್ಟು ಬಂತು. ಆಡಿನ ಕೊಟ್ಟಿಗೆಯ ಹುಲ್ಲು ಆಡಿನ ಹಿಕ್ಕೆಯ ಸಮೇತ ಬಂತು. ಒಬ್ಬಳು ಹಳೆಯ ಹತ್ತಿ ರಜಾಯಿ ತಂದಳು.

"ಅಕ್ಕಾ, ಇದು ರಜಾಯಿ."

"ಹತ್ತಿ ಹೊಲದಲ್ಲಿ ತಾನೆ ಬೆಳೆಯೋದು? ಇಟ್ಕೋ. ನಮ್ಮತ್ತೆ ಹೊದ್ದಿದ್ದು, ಸತ್ವ ಇದೆ."

ಬಂದವರು ಸುರಿದು ಹೋಗಿಬಿಟ್ಟಿದ್ದರೆ ಒಂದು ಲೆಕ್ಕ. ಕೊಟ್ಟವರಿಗೆ ಕೂರುವ ಹಕ್ಕಿರುತ್ತದೆ. ಕೆಮಿನ್ ಎರಡು ಚೀಲ ಕಟ್ಟುವುದು, ಎದ್ದು ಚಹಾ ಸುರಿಯುವುದು, ಮತ್ತೆ ಎರಡು ಚೀಲ ಕಟ್ಟುವುದು, ಹೀಗೆ ನಡೆಯಿತು. ಧೂಳು ಬೀಳದಿರಲೆಂದು ಅವನು ಕೋಳಿಗೂಡಿನ ಪಕ್ಕದ ಮೂಲೆಗೆ ಸರಿದು, ಮೇಲೆ ಮಂಚದ ಹೊದಿಕೆ ಕಟ್ಟಿಕೊಂಡು, ಅದರೊಳಗೆ ಬಾಣಂತಿಯ ಹಾಗೆ ಮುದುಡಿ ಕೂತು ಚೀಲ ತುಂಬುತ್ತಿದ್ದ. ಹೊದಿಕೆ ಎತ್ತಿ ಎತ್ತಿ ಜನ ಇಣುಕಿದರು.

"ಬೀಜ ಜಾಸ್ತಿ ಹಾಕ್ತಿದೀಯ."

"ಅಲ್ಲ, ಕಡಿಮೆ ಹಾಕ್ತಿದಾನೆ. ಅದಕ್ಕೇ ಹೋದ ವರ್ಷ ಕೆಟ್ಟಿದ್ದು."

"ಹೆಂಡ್ತಿ ಇಲ್ವಾ? ಅದಕ್ಕೇ ಚಹಾ ಹಿಂಗಿದೆ."

ಬೇಡ ಎಂದು ಹೇಳಲು ಕೆಮಿನ್ ನಾಲ್ಕು ಸಲ ಎದ್ದ. ಆದರೆ ಬೇಡ ಎನ್ನುವುದಕ್ಕೂ ತ್ರಾಣ ಬೇಕು, ಅದರ ಹಿಂದೆ ಬರುವ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಇನ್ನಷ್ಟು ತ್ರಾಣ ಬೇಕು. ಸುರಿಸಿಕೊಳ್ಳುವುದೇ ಸುಲಭವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ರಾಶಿಯಲ್ಲಿ ಹೂತುಹೋಗಿ, ಜನ ಗೋಡೆಯ ಮೇಲಿಂದ ಎಸೆಯತೊಡಗಿದರು. ಕೋಳಿಗಳು ರಾಶಿ ಹತ್ತಿ ಪಾಂಗ್ ದೊಡ್ಡಪ್ಪನ ಮನೆಯ ಸೂರಿಗೆ ವಲಸೆ ಹೋದವು.

ಇಷ್ಟರ ನಡುವೆಯೂ ಅವನು ಇನ್ನೂರನೆಯ ಚೀಲ ಕಟ್ಟಿ ಮುಗಿಸಿದ. ಒಂದಕ್ಕೂ ಧೂಳು ಸೋಕಿರಲಿಲ್ಲ. ಮೂಲೆಯಲ್ಲಿ ಸಾಲಾಗಿ ಪೇರಿಸಿದ್ದ ಚೀಲಗಳನ್ನು ನೋಡಿ ಅವನಿಗೆ ಕಣ್ಣು ತುಂಬಿಬಂತು. ಸಂತೋಷದಿಂದ ಬಂತೋ ನಿದ್ದೆಗೆಟ್ಟು ಬಂತೋ ಅವನಿಗೂ ತಿಳಿಯಲಿಲ್ಲ. ಇನ್ನು ಅವನ್ನು ಅಣಬೆ ಮನೆಗೆ ಸಾಗಿಸಬೇಕು. ಅಣಬೆ ಮನೆಯ ಬಾಗಿಲು ರಾಶಿಯ ಆಚೆ ಕಡೆ ಇತ್ತು.

ಆಗ ಸಾಹೇಬ್ರು ಬಂದರು.

ಮಿಯಾವೋ ಎಂಬ ಆ ಅಧಿಕಾರಿ ಬೆಳಗಿನಿಂದ ಐದು ಊರು ನೋಡಿ ಬಂದಿದ್ದರು. ಈ ಊರಿನ ಬೀದಿಗಳು ತಟ್ಟೆ ನೆಕ್ಕಿದಷ್ಟು ಸ್ವಚ್ಛವಾಗಿದ್ದವು. ಲಿಯಾವೋ ಅತ್ತಿಗೆ ಮುಂದೆ ಮುಂದೆ ನಡೆಯುತ್ತ ತಾನೇ ನಾಲಿಗೆಯಿಂದ ನೆಕ್ಕಿದವಳಂತೆ ಹೆಮ್ಮೆ ಪಡುತ್ತಿದ್ದಳು. ಎಲ್ಲ ಸರಿಹೋಗುತ್ತಿತ್ತು, ಆದರೆ ಕೆಮಿನ್‌ನ ಗೋಡೆಗಿಂತ ಆಳೆತ್ತರ ಮೇಲೆ ಎದ್ದಿದ್ದ ರಾಶಿ ಅರ್ಧ ಮೈಲಿ ದೂರದಿಂದಲೇ ಕಾಣುತ್ತಿತ್ತು.

"ಅದೇನದು?" ಎಂದರು ಮಿಯಾವೋ.

ಊರಿಗೆ ಊರೇ ಹಿಂದೆ ನಿಂತಿತ್ತು. ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ಪಾಂಗ್ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

"ಅವನೇ ಬೇಕು ಅಂತ ಕೇಳಿದ್ದು ಸ್ವಾಮಿ. ಮೈಕಲ್ಲಿ ಸಾರಿಸಿದಾನೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ಹೌದು ಹೌದು, ಅವನೇ," ಎಂದವು ಹಿಂದಿನ ಬಾಯಿಗಳು.

ಮಿಯಾವೋ ರಾಶಿ ಹತ್ತಿ ಇಳಿದು ಒಳಗೆ ಬಂದರು. ಹೊದಿಕೆಯಡಿಯಿಂದ ಕೆಮಿನ್ ಎದ್ದು ನಿಂತ. ಇದು ತನ್ನದಲ್ಲ, ತಾನು ಕೇಳಿದ್ದು ಎರಡೇ ಗಾಡಿ, ದಂಡ ಹಾಕಬೇಡಿ, ಎಂದು ಹೇಳಬೇಕೆಂದು ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದ. ಬಾಯಿ ತೆರೆದ. ಬಂದದ್ದು ಆಕಳಿಕೆ. ಎರಡು ದಿನದಿಂದ ತಡೆದಿಟ್ಟಿದ್ದ ಅದು ದವಡೆ ಕಳಚುವಷ್ಟು ಉದ್ದಕ್ಕೆ, ಅಧಿಕಾರಿಯ ಮುಖಕ್ಕೆ ನೇರವಾಗಿ ಬಂತು. ಮಿಯಾವೋ ಒಂದು ಕ್ಷಣ ಗಂಭೀರವಾಗಿ ನೋಡಿದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಇಬ್ಬರೂ ಎದುರುಬದುರು ನಿಂತು ಕಣ್ಣಲ್ಲಿ ನೀರು ಬರುವಷ್ಟು ಆಕಳಿಸಿದರು.

"ಆರನೇ ಊರು ಇದು," ಎಂದರು ಮಿಯಾವೋ, ಕಣ್ಣೊರೆಸಿಕೊಳ್ಳುತ್ತ. "ಎಲ್ಲಾ ಕಡೆ ಹೊಳೆಗೆ ಎಸೆದಿದಾರೆ, ಇಲ್ಲಾಂದ್ರೆ ಸುಟ್ಟಿದಾರೆ. ನೀವೊಬ್ರೇ ಇದನ್ನ ಒಂದು ಕಡೆ ಕೂಡಿ ಹಾಕಿರೋದು. ನಾಳೆ ಬೆಳಿಗ್ಗೆ ದನದ ಫಾರಮ್ಮಿನ ಲಾರಿ ಬರೋ ಹಂಗೆ ಮಾಡ್ತೀನಿ. ದಂಟು, ದಿಂಡು, ಹೊಟ್ಟು ಏನಿದ್ರೂ ತಗೋತಾರೆ. ಎರಡು ಚೀಲಕ್ಕೆ ಬಟ್ಟೆ ಒಗೆಯೋ ಬೇಸಿನ್ನು ಒಂದು ಕೊಡ್ತಾರೆ."

ಕೆಮಿನ್‌ಗೆ ಕೇಳಿಸಿದ್ದು ಇಷ್ಟೇ: ದಂಡ ಇಲ್ಲ, ನಾಳೆ ಲಾರಿ ಬಂದು ಎಲ್ಲವನ್ನೂ ಹೊತ್ತೊಯ್ಯುತ್ತದೆ. ಗೋಡೆಯ ಆಚೆ ಇದ್ದವರಿಗೆ ಕೇಳಿಸಿದ್ದು ಇನ್ನೊಂದು. ಅಲ್ಲಿ ಬೇಸಿನ್ನು ಬೇಸಿನ್ನು ಎಂಬ ಪಿಸುಮಾತು ಜೇನುಹುಳದ ಹಾಗೆ ಒಂದು ಸುತ್ತು ಹಾರಿ ಸುಮ್ಮನಾಯಿತು.

ಮಿಯಾವೋ ಏಳನೆಯ ಊರಿಗೆ ಹೊರಟುಹೋದರು. ಜನ ಚದುರಿದರು. ಬೆಳಗಿನಿಂದ ಮೊದಲ ಸಲ ಅಂಗಳ ನಿಶ್ಶಬ್ದವಾಯಿತು. ಸುಚಿನ್ ಬರಲು ಇನ್ನೂ ಮೂರು ಗಂಟೆಯಿತ್ತು. ಒಂದು ಕಾಲು ಗಂಟೆ ಬೆನ್ನು ನೆಲಕ್ಕೆ ಹಚ್ಚಿ, ಆಮೇಲೆ ಚೀಲ ಸಾಗಿಸಿದರಾಯಿತು ಎಂದುಕೊಂಡು ಕೆಮಿನ್ ಜೋಳದ ದಂಟಿನ ಮೇಲೆ ಒರಗಿದ. ಯಾರದೋ ಅತ್ತೆಯ ರಜಾಯಿ ಕೈಗೆ ಸಿಕ್ಕಿತು. ನಿಜವಾಗಿಯೂ ಅದರಲ್ಲಿ ಸತ್ವವಿತ್ತು.

ಅವನಿಗೆ ಎಚ್ಚರವಾದದ್ದು ಚಳಿಯಿಂದ. ಬರಿಯ ನೆಲದ ಮೇಲೆ ಮಲಗಿದ್ದ. ಕೆಳಗಿನ ದಂಟಿಲ್ಲ, ಮೇಲಿನ ರಜಾಯಿಯಿಲ್ಲ. ಎದ್ದು ಕೂತು ಸುತ್ತ ನೋಡಿದ. ರಾಶಿಯಿಲ್ಲ. ಅಂಗಳ ಕನ್ನಡಿಯ ಹಾಗೆ ಗುಡಿಸಿತ್ತು. ಪೊರಕೆ ಹಿಡಿದ ಲಿಯಾವೋ ಅತ್ತಿಗೆ ತುದಿಗಾಲಲ್ಲಿ ಬಾಗಿಲು ದಾಟುತ್ತಿದ್ದಳು.

"ಎದ್ಯಾ? ಪಾಪ ಮಲಗಿದಾನೆ, ಸದ್ದು ಮಾಡ್ಬೇಡಿ ಅಂತ ಎಲ್ಲಾರಿಗೂ ಹೇಳಿ ಹೇಳಿ ಸಾಕಾಯ್ತು," ಎಂದಳು. "ಅವರವರದ್ದು ಅವರವರು ತಗೊಂಡು ಹೋದ್ರು. ನಿನ್ನ ಕೆಳಗಿನ ದಂಟು ಎಳೆಯೋಕೆ ನಾಲ್ಕು ಜನ ಬೇಕಾಯ್ತು ನೋಡು, ಕೂಸನ್ನ ಎತ್ತಿದ ಹಂಗೆ ಎತ್ತಿ ಎಳೆದ್ವಿ. ನಿನಗೆ ತೊಂದ್ರೆ ಆಗ್ಬಾರ್ದು ಅಂತ ಅಂಗಳನೂ ಗುಡಿಸಿದೀನಿ."

ಕೆಮಿನ್ ಕೋಳಿಗೂಡಿನ ಕಡೆ ತಿರುಗಿದ. ಮೂಲೆ ಖಾಲಿಯಾಗಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು.

"ಅತ್ತಿಗೆ, ಇಲ್ಲಿ ಇನ್ನೂರು ಚೀಲ ಇತ್ತು."

"ಹೂಂ, ನೀನು ಕಟ್ಟಿ ಇಟ್ಟಿದ್ದು ಎಷ್ಟು ಅನುಕೂಲ ಆಯ್ತು ಅಂತೀಯ. ಬೇರೆ ಎಲ್ಲಾ ಚೀಲಕ್ಕೆ ತುಂಬೋದೇ ಕಷ್ಟ."

ಸುಚಿನ್ ಬಂದಾಗ ಅವನು ಇನ್ನೂ ಅಲ್ಲೇ ನಿಂತಿದ್ದ. ಅವಳು ಬಾಗಿಲಲ್ಲಿ ನಿಂತು ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳ ಮುಖ ಸಡಿಲವಾಯಿತು.

"ಒಬ್ನೇ ಮಾಡಿದ್ಯಾ ಇದನ್ನೆಲ್ಲ?"

ಇಪ್ಪತ್ತಾರು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು.

"ಒಂದೊಂದು ಸಲ ನಾನು ನಿನ್ನ ಬಗ್ಗೆ ಜಾಸ್ತಿ ಬಾಯಿ ಮಾಡ್ತೀನಿ," ಎಂದು ಅವಳು ಮೆಲ್ಲಗೆ ಅಂದಳು. ಅಕ್ಕನ ಮನೆಯಿಂದ ತಂದ ಮಾಂಸದ ಕಡುಬು ಬಿಸಿ ಮಾಡಿ, ಈರುಳ್ಳಿ ಹೂವು ಹಾಕಿ ಮೊಟ್ಟೆ ಹುರಿದು, ಬಟ್ಟಲು ಅವನ ಕೈಗೆ ಕೊಟ್ಟಳು. ಅವನು ತಿಂದ. ಹೇಳುವುದು ಹೇಗೂ ಇದ್ದೇ ಇದೆ, ಈ ಬಟ್ಟಲು ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಆದಷ್ಟು ನಿಧಾನವಾಗಿ ತಿಂದ. ಅವನು ಕೊನೆಯ ತುತ್ತಿನಲ್ಲಿದ್ದಾಗ ಅವಳು ಟಾರ್ಚು ತೆಗೆದುಕೊಂಡು ಚೀಲಗಳನ್ನು ನೋಡಿ ಬರಲು ಅಣಬೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಕೆಮಿನ್ ಗಾಡಿ ತಳ್ಳಿಕೊಂಡು ಮನೆಮನೆಗೆ ಹೋದ. ಲಾರಿ ಆಗಲೇ ಬಂದು ಹೋಗಿತ್ತು. ಒಣಗಿದ್ದನ್ನೆಲ್ಲ ತೆಗೆದುಕೊಂಡು, ಬೇಸಿನ್ನು ಕೊಟ್ಟು, ಸುಣ್ಣದ ವಾಸನೆಯ ಒದ್ದೆ ಚೀಲಗಳನ್ನು ಮಾತ್ರ ಲಾರಿಯವನು ಬೇಡವೆಂದಿದ್ದ. ಒಣಗಲಿ, ಮುಂದಿನ ಸಲ ತೆಗೆದುಕೊಳ್ಳುತ್ತೇನೆ ಎಂದಿದ್ದ. ಹಾಗಾಗಿ ಆ ಚೀಲಗಳು ಮಂಚದ ಕೆಳಗೆ, ಬಾಗಿಲ ಹಿಂದೆ, ಕಲ್ಲಿದ್ದಲ ಕೋಣೆಯಲ್ಲಿ ಬಿದ್ದಿದ್ದವು.

"ಯಾವ ಚೀಲ?" ಎಂದ ಪಾಂಗ್ ದೊಡ್ಡಪ್ಪ. "ಒಂಬತ್ತು ಗಾಡಿ ಕೊಟ್ಟಿದ್ದೆ, ಒಂಬತ್ತು ಗಾಡಿ ತಂದೆ. ಅದರಲ್ಲಿ ನಿಂದು ಯಾವುದು ನಂದು ಯಾವುದು ಅಂತ ಹೆಸರು ಬರೆದಿದೆಯಾ?"

"ನನ್ನದರಲ್ಲಿ ಬೀಜ ಇದೆ ದೊಡ್ಡಪ್ಪ."

"ಇರ್ಲಿ ಬಿಡು. ಬೀಜ ಇದ್ರೆ ನಾನೇನು ಬೇಡ ಅಂತೀನಾ?"

ಮಧ್ಯಾಹ್ನದವರೆಗೆ ಅಲೆದು ಕೆಮಿನ್ ಹನ್ನೊಂದು ಚೀಲ ಬಿಡಿಸಿಕೊಂಡ. ಜಗಳ ಮಾಡಿದ್ದರೆ ಇನ್ನಷ್ಟು ಸಿಗುತ್ತಿತ್ತೇನೋ. ಜಗಳ ಮಾಡುವುದಕ್ಕೆ ನಿಲ್ಲಬೇಕು. ಅವನಿಗೆ ಕೂರಬೇಕಿತ್ತು.

ಆ ಹನ್ನೊಂದನ್ನು ಅವನು ಹನ್ನೊಂದು ಹೆಣ್ಣುಮಕ್ಕಳ ಹಾಗೆ ಸಾಕಿದ. ಹೊತ್ತುಹೊತ್ತಿಗೆ ಉಷ್ಣತೆ ನೋಡಿದ, ನೆಲಕ್ಕೆ ನೀರು ಚಿಮುಕಿಸಿದ, ಗಾಳಿ ಬಿಟ್ಟ, ಗಾಳಿ ಮುಚ್ಚಿದ. ಇಪ್ಪತ್ತು ದಿನಕ್ಕೆ ಹನ್ನೊಂದಕ್ಕೂ ಹಸಿರು ಬೂಷ್ಟು ಹಿಡಿಯಿತು. ಇಪ್ಪತ್ತೊಂದನೆಯ ದಿನ ಮೊಲಗಳು ಬಂದವು. ಅವುಗಳ ಹಿಂದೆ ಸುಚಿನ್‌ಳ ತಮ್ಮ ಬಂದ, ಆಮೇಲೆ ದಿನಾ ಬಂದ.

ಹತ್ತು ದಿನ ಕಳೆದಿರಬೇಕು. ಕೆಮಿನ್ ಅಣಬೆ ಮನೆಯ ಬಾಗಿಲಲ್ಲಿ ಕೂತು ಮೊಲಗಳಿಗೆ ಕೋಸಿನೆಲೆ ಹರಿದು ಹಾಕುತ್ತಿದ್ದ. ಲಿಯಾವೋ ಅತ್ತಿಗೆ ಹೊಸ ನೀಲಿ ಬೇಸಿನ್ನು ಹಿಡಿದುಕೊಂಡು ಬಂದಳು. ಅದರ ತುಂಬ ಚಿಪ್ಪಣಬೆ, ಒಂದೊಂದು ದಳ ಅಂಗೈಯಗಲ, ಬೂದು ಬಣ್ಣದ ರೇಷ್ಮೆಯಂತೆ. ಅಷ್ಟು ಚೆಂದದ ಅಣಬೆ ಕೆಮಿನ್ ಬೆಳೆದಿರಲಿಲ್ಲ.

"ತಗೋ, ನಿನಗೆ ಅಂತಲೇ ತಂದೆ," ಎಂದಳು. "ನಮ್ಮ ಮಂಚದ ಕೆಳಗೆ ಎದ್ದಿದೆ. ಪಾಂಗ್ ದೊಡ್ಡಪ್ಪನ ಮನೆ ಕಲ್ಲಿದ್ದಲ ಕೋಣೇಲಿ ಕಾಲಿಡೋಕೆ ಜಾಗ ಇಲ್ಲ. ಊರಲ್ಲಿ ಯಾರ ಮನೇಲಿ ನೋಡಿದ್ರೂ ಇದೇ. ಸಂತೆಗೆ ಹಾಕಿ ಹಾಕಿ, ಇನ್ನು ತರ್ಬೇಡಿ ಅಂತಿದಾನೆ ತರಕಾರಿಯವನು. ನಿಮ್ಮ ಮನೇಲಿ ಒಂದೂ ಇಲ್ವಂತಲ್ಲ, ಸುಚಿನ್ ಹೇಳಿದ್ಲು. ಕೇಳಿ ಹೊಟ್ಟೆ ಚುರುಕ್ ಅಂತು."

ಕೆಮಿನ್ ಬೇಸಿನ್ನು ಇಸಿದುಕೊಂಡ. ಆ ವಾರದಲ್ಲಿ ಅವನಿಗೆ ಬಂದ ಏಳನೆಯ ಕಾಣಿಕೆ ಅದು. ಒಳಗೆ ಬಾಣಲೆಯಲ್ಲಿ ಆರನೆಯದು ಬೇಯುತ್ತಿತ್ತು.

ಅತ್ತಿಗೆ ಹೋಗಲಿಲ್ಲ. ಮೊಲಗಳನ್ನು ನೋಡಿದಳು, ಕೆಮಿನ್‌ನ ಮುಖ ನೋಡಿದಳು. ಪಕ್ಕದ ಕಲ್ಲಿನ ಮೇಲೆ ಕೂತು, ಮೈಕಿಲ್ಲದೆ, ಅವನೊಬ್ಬನಿಗೇ ಕೇಳುವಷ್ಟು ದನಿ ತಗ್ಗಿಸಿದಳು.

"ನೋಡು ಕೆಮಿನ್, ಬೇಜಾರು ಮಾಡ್ಕೋಬೇಡ. ನೀನು ವಿಪರೀತ ಮಾಡ್ತೀಯ. ಅದಕ್ಕೇ ನಿನ್ನ ಕೈಗೆ ಹತ್ತಲ್ಲ. ಇದರಲ್ಲಿ ಅಂಥ ವಿದ್ಯೆ ಏನೂ ಇಲ್ಲ. ಚೀಲ ಎಲ್ಲಾದ್ರೂ ಒಂದು ಕಡೆ ಎಸೀಬೇಕು. ಮರೆತು ಹಾಯಾಗಿ ಮಲಗಿಬಿಡ್ಬೇಕು."